ನನ್ನ ಭುಜಬಲದ ಪರೀಕ್ಷೆ

ಬಣ್ಣ ಬಳಿಯುವವರನ್ನು ಕರೆಸುವುದೇಕೆ, ಮನೆಯಲ್ಲಿ ನಾನೊಬ್ಬ ಗಂಡಸಿಲ್ಲವೇ ಎಂದು ಗರ್ಜಿಸಿ ಏಣಿ ಹತ್ತಿದವನು ನಾನೇ. ಛಾವಣಿಯ ಒಂದು ಮೂಲೆ ಬೆಳ್ಳಗಾಗುವಷ್ಟರಲ್ಲಿ ಬಲಭುಜ ಚುರುಕ್ಕೆಂದಿತು. ಇಳಿದೆ. ಅಂದಿನಿಂದ ನಾಲ್ಕು ದಿನ ನನ್ನಾಕೆಯೇ ಏಣಿಯ ಮೇಲೆ. (ನಾನು ಸುಮ್ಮನಿರಲಿಲ್ಲ. ಕೆಳಗೆ ಮಲಗಿ, ಎಲ್ಲೆಲ್ಲಿ ಬಣ್ಣ ಬಿಟ್ಟುಹೋಗಿದೆ ಎಂದು ತೋರಿಸುತ್ತಿದ್ದೆ.) ನೋವು ಎರಡನೇ ದಿನವೇ ಮಾಯವಾಗಿತ್ತು ಎಂಬುದು ನಮ್ಮನಿಮ್ಮಲ್ಲೇ ಇರಲಿ.

"ಭುಜ ನೋಯೋರು ಎರಡೆರಡು ದಿಂಬಿಟ್ಕೊಂಡು ಪೇಪರ್ ಓದ್ತಾರೇನ್ರೀ? ನಡೀರಿ ಡಾಕ್ಟ್ರ ಹತ್ರ. ಏನೂ ಇಲ್ಲ ಅಂದ್ರೋ, ಇನ್ನೆರಡು ಕೋಣೆ ನಿಮ್ಮದೇ!"

ಮೂಳೆ ಡಾಕ್ಟರು ಸಣಕಲು ಹೆಂಗಸು. ಯಂತ್ರವಿಲ್ಲ, ತಂತ್ರವಿಲ್ಲ, ಹತ್ತು ಬೆರಳು ಅಷ್ಟೇ.

"ಸ್ಕ್ಯಾನು, ಫೋಟೋ ಏನೂ ತೆಗೆಯಲ್ವಾ?" ಎಂದೆ.

"ಮೊದಲು ಕೈ ಮಾತಾಡ್ಲಿ. ಚಾಚಿ. ಹೆಬ್ಬೆರಳು ನೆಲಕ್ಕೆ, ಲೋಟದ ನೀರು ಚೆಲ್ಲೋ ಹಾಗೆ. ನಾನು ಒತ್ತುತೀನಿ, ನೀವು ಬಗ್ಗಬೇಡಿ. ಇದು ಮೇಲಿನ ಸ್ನಾಯು."

ಕೈಯನ್ನು ಸೊಂಟದ ಹಿಂದಿಟ್ಟು ಹೊರಕ್ಕೆ ತಳ್ಳಿಸಿದರು: ಅದು ಮುಂದಿನ ಸ್ನಾಯು. ಮೊಣಕೈಯನ್ನು ಪಕ್ಕೆಗೊತ್ತಿ ಮುಂಗೈ ತಿರುಗಿಸಿದರು: ಅದು ಹಿಂದಿನದು. ನಾನು ಬೆರಗಾದೆ! ಐವತ್ತೆರಡು ವರ್ಷ ಹೊತ್ತು ತಿರುಗಿದ ಭುಜದೊಳಗೆ ಇಷ್ಟು ದೊಡ್ಡ ಅವಿಭಕ್ತ ಕುಟುಂಬವಿದೆಯೆಂದು ನನಗೇ ಗೊತ್ತಿರಲಿಲ್ಲ. ಆಕೆಯೋ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ವಿಚಾರಿಸುತ್ತಿದ್ದಾರೆ! ಅಂಥ ವಿದ್ಯೆಗೆ ನನ್ನದೊಂದು ಕಾಣಿಕೆ ಬೇಡವೇ? ಪ್ರತಿ ಒತ್ತಿಗೂ "ಅಯ್ಯಯ್ಯಪ್ಪೋ!" ಎಂದು ಆರ್ತನಾದ ಮಾಡಿದೆ.

"ನೋವು ಯಾವ ಭುಜ ಅಂದ್ರಿ?"

"ಬಲ."

"ಇದು ಎಡ. ಚೆನ್ನಾಗಿರೋದನ್ನ ಮೊದಲು ನೋಡ್ತೀವಿ, ಹೋಲಿಸೋಕೆ."

ಭಕ್ತಿಪರವಶತೆಯಲ್ಲಿ ಯಾವ ಕೈ ಕೊಟ್ಟೆನೆಂದೇ ನಾನು ನೋಡಿರಲಿಲ್ಲ. ಆಮೇಲೆ ಬಲಭುಜದ ಸರದಿ. ಆ ದ್ರೋಹಿ ಕುಂಯ್ ಎನ್ನಲಿಲ್ಲ.

"ನನ್ನ ಕರ್ಮ!" ನನ್ನಾಕೆ ಹಣೆ ಚಚ್ಚಿಕೊಳ್ಳಲು ಕೈಯೆತ್ತಿದಳು. ಕೈ ಅರ್ಧಕ್ಕೇ ನಿಂತು ಭುಜ ಮಾತ್ರ ಕಿವಿಯತ್ತ ಏರಿತು. ಡಾಕ್ಟರ ಕಣ್ಣು ಅಲ್ಲೇ ನೆಟ್ಟಿತು.

"ನೀವು ಬನ್ನಿ ತಾಯಿ." ಅವಳ ತೋಳನ್ನು ತಾವೇ ಮೇಲೆತ್ತಿ ಹಿಡಿದರು. "ನಾನು ಬಿಡ್ತೀನಿ. ನಿಧಾನವಾಗಿ ಇಳಿಸಿ."

ಇಳಿಯಲಿಲ್ಲ. ನಡುದಾರಿಯಲ್ಲಿ ದೊಪ್ಪೆಂದು ಬಿತ್ತು.

"ಎಷ್ಟು ದಿನದಿಂದ ನೋವು?"

"ಮೂರು ದಿನ ಆಯ್ತು. ಒಂದೇ ಮನೇಲಿ ಇಬ್ಬರು ನರಳಿದ್ರೆ ಅನ್ನ ಮಾಡೋರ್ಯಾರು?"

ಮೂರು ದಿನ ಕೆಳಗಿನಿಂದ ಛಾವಣಿಯನ್ನೇ ದಿಟ್ಟಿಸುತ್ತಿದ್ದ ನನ್ನ ಕಣ್ಣಿಗೆ ಬೀಳದ್ದು, ಅವಳು ಎತ್ತಲಾರದ ಒಂದು ಕೈಯಿಂದ ಡಾಕ್ಟರಿಗೆ ಕ್ಷಣದಲ್ಲಿ ಕಂಡಿತ್ತು. ಮನಸ್ಸಿನಲ್ಲೇ ಕೈಮುಗಿದೆ.

"ಸ್ನಾಯು ಹರಿದಿರೋ ಹಾಗಿದೆ," ಎಂದರು ಡಾಕ್ಟರು, ಚೀಟಿ ಬರೆಯುತ್ತ. "ಫೋಟೋ ನಿಮಗೆ ಬೇಕು ತಾಯಿ. ಅಲ್ಲೀವರೆಗೂ ಈ ಕೈಯಲ್ಲಿ ಸೌಟು, ಬಕೆಟ್ಟು, ಪೊರಕೆ, ಏನೂ ಹಿಡೀಬಾರದು."

ನನ್ನಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು.

"ಡಾಕ್ಟ್ರೇ, ಇವರ ಎರಡೂ ಭುಜ ಗಟ್ಟಿಮುಟ್ಟಾಗಿದೆ ಅಂತ ಅದೇ ಚೀಟೀಲಿ ಬರೆದ್ಬಿಡಿ. ಕೆಳಗೊಂದು ಸೀಲೂ ಹಾಕಿ."