ಗಣಪಕ್ಕ ಕೇಳಿದ ರಿಪೋರ್ಟು

ಕುಮಟಾ ಬಸ್ಸಿನಲ್ಲಿ ಮಹಾಬಲ ಕಿಟಕಿ ಪಕ್ಕ ಕೂತು ಬದಿಯ ಸೀಟನ್ನು ಖಾಲಿ ಬಿಟ್ಟದ್ದೇ ತಪ್ಪಾಯಿತು. ಬಸ್ಸು ಹೊನ್ನಾವರ ಬಿಡುವ ಮೊದಲೇ ಗಣಪಕ್ಕ ಬಂದು ಅಲ್ಲಿ ಕೂತಳು. ಮಾವಿನಕುರ್ವೆಯಲ್ಲಿ ಅವರಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಬೇಲಿ. ಊರೂರು ತಿರುಗಿ ಮೀನು ಮಾರುವ ಗಣಪಕ್ಕ ಹೋಗುವಾಗ ಮೀನು ಒಯ್ಯುತ್ತಿದ್ದಳು, ಬರುವಾಗ ಸುದ್ದಿ ತರುತ್ತಿದ್ದಳು.

“ಎಲ್ಲಿಗೆ ತಮಾ?”

“ಆಸ್ಪತ್ರೆಗೆ,” ಎಂದುಬಿಟ್ಟ. ಸುಳ್ಳು ತಯಾರಿರಲಿಲ್ಲ. “ರಕ್ತ ಪರೀಕ್ಷೆ.”

ಗುರುತಿನವರು ಸಿಗಬಾರದೆಂದೇ ಅವನು ಹೊನ್ನಾವರ ಬಿಟ್ಟು ಕುಮಟಾಕ್ಕೆ ಹೊರಟಿದ್ದ. ಮೂರು ದಿನದ ಹಿಂದೆ ಗೋವಾದ ವಾಸ್ಕೋದಿಂದ ರಾಜೇಶ ಫೋನ್ ಮಾಡಿದ್ದ. ರಾಜೇಶ ಅಲ್ಲಿ ಟ್ರಾಲರ್ ಬೋಟಿನ ಎಂಜಿನ್ ನೋಡಿಕೊಳ್ಳುವವನು. ಎರಡು ವರ್ಷದಿಂದ ಮಹಾಬಲನ ಹಗಲು, ರಾತ್ರಿ, ನಗು, ಮುನಿಸು ಎಲ್ಲ ಅವನೇ. ಅಂಗೈಯಲ್ಲಿ ಕಲೆ ಕಂಡು ಪರೀಕ್ಷೆ ಮಾಡಿಸಿದರೆ ಸಿಫಿಲಿಸ್ ಎಂದರಂತೆ. “ನಂಗೆ ಇಂಜೆಕ್ಷನ್ ಕೊಟ್ರು. ನೀನೂ ಹೋಗೂಕೇ ಬೇಕು, ಮಾಬ್ಲಾ. ನಾಚ್ಕಂಡು ಕೂರಬೇಡ,” ಎಂದಿದ್ದ. ಅವನ ಮುಖ ನೋಡಿ ಎರಡು ತಿಂಗಳಾಗಿತ್ತು. ನೋಡಲಾಗದ ಮುಖದ ಮೇಲೆ ಸಿಟ್ಟು ಮಾಡಿಕೊಳ್ಳುವುದು ಮಹಾಬಲನಿಗೆ ಬರುತ್ತಿರಲಿಲ್ಲ.

ಗಣಪಕ್ಕನ ಕಣ್ಣು ಬಂಗಡೆ ಮೀನಿನ ಕಣ್ಣಿನಂತೆ ದುಂಡಗಾಯಿತು. “ಓ, ಮದ್ವೆಗಾ? ಈಗ ಹೆಣ್ಣಿನ ಕಡೆಯವ್ರು ರಕ್ತದ ರಿಪೋರ್ಟ್ ಕೇಳ್ತ್ರಂತೆ.”

ದೇವರೇ ಸುಳ್ಳೊಂದನ್ನು ಕೈಗಿತ್ತಂತಾಯಿತು. “ಹೌದು ಗಣಪಕ್ಕ. ಹೆಣ್ಣು ನೋಡೂದಕ್ಕಿಂತ ಮೊದಲೇ ಮಾಡ್ಸಿಟ್ಕಂಬೂದು ಹೇಳಿ ಹೊರಟೆ.”

“ಎಂಥಾ ಹುಡ್ಗ,” ಎಂದು ಅವಳು ಹಿಂದಿನ ಸೀಟಿನವರಿಗೆ ತಿರುಗಿ ಹೇಳಿದಳು. ಕುಮಟಾ ಬರುವಷ್ಟರಲ್ಲಿ ಇಡೀ ಬಸ್ಸು ಅವನನ್ನು ಮೆಚ್ಚಿ ನೋಡುತ್ತಿತ್ತು. ಅವನು ಇಳಿದರೆ ಅವಳೂ ಇಳಿದಳು. “ಒಬ್ಬನೇ ಎಂತಕ್ಕೆ? ರಕ್ತ ಕಂಡ್ರೆ ತಲೆ ತಿರುಗ್ತದೆ.” ಮೀನಿನ ಬುಟ್ಟಿಯೂ ಆಸ್ಪತ್ರೆಗೆ ಬಂತು. ವರಾಂಡದಲ್ಲಿ ಕಾದವರು ಮೂಗು ಮುಚ್ಚಿಕೊಂಡೇ ಮದುವೆಯ ಸುದ್ದಿ ಕೇಳಿದರು.

ಅವಳನ್ನು ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡಾಗ ಅವನಿಗೆ ಉಸಿರು ಬಂತು. ಮೇಜಿನಾಚೆ ಆಪ್ತಸಮಾಲೋಚಕಿ ಮಾಲಿನಿ ಕೂತಿದ್ದಳು.

“ನನ್ನ ಜೊತೆಯವ್ರಿಗೆ ಸಿಫಿಲಿಸ್ ಬಂದದೆ,” ಎಂದ. ಸ್ವಲ್ಪ ತಡೆದು, “ಅದು... ಹುಡುಗಿ ಅಲ್ಲ ಮೇಡಂ.”

ಮಾಲಿನಿಯ ಪೆನ್ನು ನಿಲ್ಲಲಿಲ್ಲ. “ಆತು. ಅವರಿಗೆ ಚಿಕಿತ್ಸೆ ಆಗಿದ್ಯಾ?”

ಇಷ್ಟು ವರ್ಷ ಯಾರಿಗೂ ಹೇಳಲಾಗದ ಮಾತು ಇಷ್ಟು ಸಲೀಸಾಗಿ ಕಾಗದದ ಮೇಲೆ ಇಳಿದದ್ದು ಕಂಡು ಮಹಾಬಲ ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡ.

“ನಂಗೆ ಹುಣ್ಣು, ಕಲೆ ಎಂತದೂ ಇಲ್ಲ ಮೇಡಂ.”

“ಹುಣ್ಣು ತನ್ನಷ್ಟಕ್ಕೇ ಮಾಯ್ತದೆ, ಸೋಂಕು ಒಳಗೇ ಉಳೀತದೆ. ಅದಕ್ಕೇ ಪರೀಕ್ಷೆ. ಯಾರಿಂದ ಯಾರಿಗೆ ಬಂತು ಅಂತ ಜಗಳ ಬೇಡ. ಇಬ್ಬರೂ ಚಿಕಿತ್ಸೆ ತಗೊಂಡ್ರೆ ಗುಣ ಆಗ್ತದೆ. ಹೆಚ್‌ಐವಿನೂ ನೋಡುವಾ. ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ. ಡಾಕ್ಟರು ಸರಿ ಅನ್ನೋವರೆಗೆ ಇಬ್ಬರೂ ಕೂಡಬಾರ್ದು. ಆಮೇಲೂ ಕಾಂಡೋಮ್ ಬಿಡಬೇಡಿ.”

“ಕೂಡೂದು ಹೋಗ್ಲಿ ಮೇಡಂ, ಕಾಣೂಕೇ ಸಿಗೂದಿಲ್ಲ,” ಎಂದ. ಮಾಲಿನಿ ಮೊದಲ ಸಲ ತಲೆಯೆತ್ತಿ ನಕ್ಕಳು.

ಸಿಫಿಲಿಸ್ ಇತ್ತು, ಹೆಚ್‌ಐವಿ ಇರಲಿಲ್ಲ. ಡಾಕ್ಟರು ಎರಡೂ ಕುಂಡೆಗೆ ಒಂದೊಂದು ಪೆನಿಸಿಲಿನ್ ಇಂಜೆಕ್ಷನ್ ಕೊಡಿಸಿದರು. ಹೊರಗೆ ಬಂದರೆ ಗಣಪಕ್ಕ ಎದ್ದು ನಿಂತಳು. “ರಿಪೋರ್ಟ್ ಎಂತ ಬಂತು?”

“ಎಂತ ತೊಂದ್ರೆ ಇಲ್ಲ ಅಂದ್ರು.”

ಗಣಪಕ್ಕ ಅಲ್ಲಿಂದ ಮೀನು ಮಾರಲು ಹೋದಳು. ಮಹಾಬಲ ‘ಎರಡು ಇಂಜೆಕ್ಷನ್ ಆತು’ ಎಂದು ರಾಜೇಶನಿಗೆ ಮೆಸೇಜು ಹಾಕಿ, ಹೊನ್ನಾವರದವರೆಗೆ, ಖಾಲಿ ಸೀಟುಗಳ ನಡುವೆ, ಕಂಬಿ ಹಿಡಿದು ಒಣಗಲು ತೂಗುಹಾಕಿದ ಮೀನಿನಂತೆ ನಿಂತೇ ಬಂದ.

ಸಂಜೆ ಅವಳು ಬೇಲಿ ದಾಟಿ ಬಂದಾಗ ಬುಟ್ಟಿ ಖಾಲಿಯಾಗಿತ್ತು, ಬಾಯಿ ತುಂಬಿತ್ತು. “ಮಿರ್ಜಾನದಲ್ಲಿ ಒಂದು ಹೆಣ್ಣು ಅದೆ. ಸುಶ್ಮಿತಾ ಹೇಳಿ ಹೆಸರು. ರಿಪೋರ್ಟ್ ಮಾಡ್ಸಿಟ್ಟ ಹುಡ್ಗ ಅಂದ್ಕೂಡ್ಲೇ ಅವಳ ತಾಯಿಗೆ ಒಪ್ಪಿಗೆ ಆತು. ಆಯಿತವಾರ ಬನ್ನಿ ಅಂದ್ರು. ಅವಳ ಅಣ್ಣ ವಾಸ್ಕೋದಲ್ಲಿ ಬೋಟಿನ ಎಂಜಿನ್ ನೋಡ್ತಾನಂತೆ, ಅವನೂ ಬರ್ತಾ ಇದಾನೆ.”

ಮಹಾಬಲನ ತಾಯಿ ಸಂತೋಷಕ್ಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಅಣ್ಣ ಯಾರೆಂದು ಮಹಾಬಲ ಕೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನು ನಡುಗಿತು. ಹಿತ್ತಲಿಗೆ ಓಡಿದ.

“ಮಾಬ್ಲಾ,” ಎಂದ ರಾಜೇಶ. ದನಿಯಲ್ಲಿ ನಗುವೂ ಇತ್ತು, ಅಳುವೂ ಇತ್ತು. “ತಂಗಿಗೆ ನೋಡಿದ ಹುಡುಗನ ಆರೋಗ್ಯ ಹ್ಯಾಂಗದೆ ಹೇಳಿ ವಿಚಾರಿಸೂಕೆ ನಮ್ಮ ಆಯಿ ನಂಗೇ ಹೇಳಿದ್ಲು.”

“ಎಂತ ಹೇಳ್ದೆ?”

“ಎರಡು ಇಂಜೆಕ್ಷನ್ ಆತು ಹೇಳಿ ಹೇಳೂಕಾಗ್ತದಾ?”

ಹೊಳೆಯ ಕಡೆಯಿಂದ ಬೋಟೊಂದರ ಸದ್ದು ಬಂತು. ಮಹಾಬಲ ಫೋನನ್ನು ಕಿವಿಗೆ ಒತ್ತಿ ಹಿಡಿದ.

“ನಾ ಒಪ್ಪೂದಿಲ್ಲ ರಾಜೇಶ. ಆ ಹುಡುಗಿ ಬಾಳು ಹಾಳು ಮಾಡೂದಿಲ್ಲ. ಈಗಲೇ ಹೇಳ್ತೆ.”

“ಈಗ ಬೇಡ,” ಎಂದ ರಾಜೇಶ. “ಆಯಿತವಾರ ಮನೆಗೆ ಬಂದು, ಎದುರು ಕೂತು ಹೇಳು. ನಿನ್ನ ನೋಡಿ ಎರಡು ತಿಂಗಳಾತು.”