ಎಡೆಗೆ ಬಿದ್ದ ಬೆಳ್ಳುಳ್ಳಿ

“ನಾಳೆ ಬೆಳಗ್ಗೆ ನಾನು ಒಲೆ ಹಚ್ಚಿದರೆ ನನ್ನ ಹೆಸರನ್ನೇ ಬದಲಾಯಿಸಿ!”

ಮಾರ್ಚ್ ತಿಂಗಳ ಒಂದು ಸಂಜೆ ನನ್ನ ಗಂಡ ಮಾನ್‌ಸೊಕ್‌ ಎದುರು ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಕಾರಣ ಒಂದು ಮೀನು. ಸ್ವಲ್ಪ ಸೀದಿತ್ತು. ಸ್ವಲ್ಪ ಅಂದರೆ ಎರಡೂ ಕಡೆ.

“ಏನೇ ಇದು, ಮೀನಾ ಇದ್ದಿಲಾ?”

“ಇದ್ದಿಲು ಅನ್ಕೊಂಡು ಚಳಿ ಕಾಯಿಸ್ಕೊಳ್ರೀ! ದಿನವೆಲ್ಲ ಐಸ್ ಕಾರ್ಖಾನೇಲಿ ನಡುಗ್ತೀರಲ್ಲ!”

“ಆ ಐಸಿಗೂ ಇದಕ್ಕಿಂತ ರುಚಿ ಇದೆ.”

“ಹಾಗಾದ್ರೆ ನಾಳೆ ಅದನ್ನೇ ನೆಕ್ಕಿ!”

ಇಷ್ಟೇ. ನಮ್ಮೂರು ಗುನ್ಸಾನ್‌ನ ಬಂದರಿಗೆ ಹಡಗು ಬರುವುದು ತಪ್ಪಿದರೂ ವಾರಕ್ಕೆ ಮೂರು ಸಲ ನಮ್ಮ ಈ ಯುದ್ಧ ತಪ್ಪುತ್ತಿರಲಿಲ್ಲ. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು.

ಮರುದಿನ ಮಾತು ಉಳಿಸಿಕೊಂಡೆ. ಗೋಡೆಗೆ ಮುಖ ಮಾಡಿ ಬಿದ್ದುಕೊಂಡೆ. ಸುಳ್ಳು ಗೊರಕೆಯನ್ನೂ ಹೊಡೆದೆ! ಅವರು ಅಡುಗೆಮನೆಗೆ ಹೋದರು. ಖಾಲಿ ಕುಕ್ಕರಿನ ಮುಚ್ಚಳ ತೆಗೆದರು, ಮುಚ್ಚಿದರು. ಎರಡು ಸಲ ಕೆಮ್ಮಿದರು. ಬೂಟು ಹಾಕಿಕೊಂಡು ಹೋದರು. ಒಂಬತ್ತು ಗಂಟೆಗೆ ಕಾರ್ಖಾನೆಯಿಂದ ಫೋನು ಬಂತು. ಅವರ ಎದೆಬಡಿತ ನಿಂತಿತ್ತು.

ನನ್ನ ಗಂಡ ಖಾಲಿ ಹೊಟ್ಟೆಯಲ್ಲಿ ಸತ್ತರು. ಇದನ್ನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನಮ್ಮಲ್ಲಿ ದಾರಿಯಲ್ಲಿ ಸಿಕ್ಕವರು ಕೇಳುವುದೇ “ಊಟ ಆಯ್ತಾ?” ಎಂದು. ಕೇಳಿದಾಗಲೆಲ್ಲ ತಲೆ ತಗ್ಗಿಸಿ ಬೇಗ ಬೇಗ ನಡೆದುಬಿಡುತ್ತಿದ್ದೆ.

ಆರು ತಿಂಗಳಿಗೆ ಸುಗ್ಗಿ ಹುಣ್ಣಿಮೆಯ ಚುಸೊಕ್ ಹಬ್ಬ ಬಂತು. ಅವತ್ತು ಬೆಳಗ್ಗೆ ಸತ್ತವರಿಗೆ ಎಡೆ ಇಡಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸರಿ, ಎರಡನೇ ಪ್ರತಿಜ್ಞೆ ಮಾಡಿದೆ! ಈ ಸಲ ನನ್ನ ಕೈಯಡುಗೆ ಉಂಡು ನನ್ನ ಗಂಡ ತೇಗಬೇಕು. ಆ ತೇಗು ನನಗೆ ಕೇಳಿಸಬೇಕು!

ಎರಡು ಬೀದಿ ಆಚೆ ಇರುವ ಅವರ ಅಕ್ಕ ಒಕ್ಬುನ್ ಫೋನು ಮಾಡಿದಳು. ಅಡುಗೆಯಲ್ಲಿ ಅವಳು ಎತ್ತಿದ ಕೈ.

“ನಾನೇ ಬಂದು ಮಾಡ್ತೀನಿ ಕಣೇ. ನಿನ್ನ ಅಡುಗೆ ನಂಗೊತ್ತಿಲ್ವಾ?”

“ಬೇಡ ಅಕ್ಕ. ನೀವು ಕೈ ಬೀಸ್ಕೊಂಡು ಬನ್ನಿ ಸಾಕು.”

“ಪಾಪ, ಸತ್ತ ಮೇಲೂ ನನ್ನ ತಮ್ಮನಿಗೆ ಬಿಡುಗಡೆ ಇಲ್ಲ.”

ಎರಡು ದಿನ ಹೋರಾಡಿದೆ. ಪೈನ್ ಎಲೆ ಹಾಸಿ ಅಕ್ಕಿ ಕಡುಬು ಬೇಯಿಸಿದೆ. ಅರ್ಧಚಂದ್ರನ ಹಾಗೆ ಬರಬೇಕಾದದ್ದು ಇಲಿ ಕಚ್ಚಿದ ಹಾಗೆ ಬಂತು. ಇರಲಿ. ಮೀನಿನ ಮುಂದೆ ಉಸಿರು ಹಿಡಿದು ಕೂತೆ. ಸೀಯಲಿಲ್ಲ! ಪಾಲಕ್, ಜರಿಗಿಡದ ಕುಡಿ, ಬಿಳಿ ಬೇರು ಹೀಗೆ ಮೂರು ಬಣ್ಣದ ಪಲ್ಯ ಕಲಸಿದೆ. ರುಚಿ ನೋಡುವ ಹಾಗಿಲ್ಲ. ಸತ್ತವರಿಗಿಂತ ಮುಂಚೆ ನಾಲಿಗೆ ಚಾಚಬಾರದು. ನನ್ನಂಥವಳಿಗೆ ಇದಕ್ಕಿಂತ ಅನುಕೂಲದ ಶಾಸ್ತ್ರ ಬೇರೆ ಇಲ್ಲ!

ಹಬ್ಬದ ಬೆಳಗ್ಗೆ ಎಲ್ಲ ಜೋಡಿಸಿದೆ. ಮೀನಿನ ತಲೆ ಪೂರ್ವಕ್ಕೆ, ಅನ್ನದ ಬಟ್ಟಲು ಫೋಟೋದ ಎದುರಿಗೆ. ಒಕ್ಬುನ್ ಬಂದಳು. ಬಾಗಿಲಲ್ಲೇ ನಿಂತು ಮೂಗು ಅರಳಿಸಿದಳು.

“ಇದೇನೇ ವಾಸನೆ?”

“ಎಳ್ಳೆಣ್ಣೆ ಅಕ್ಕ. ಹೊಸದು.”

“ಎಳ್ಳೆಣ್ಣೆ ನಾನು ಕಂಡಿಲ್ವೇನೇ? ಬೆಳ್ಳುಳ್ಳಿ! ಎಡೆಗೆ ಬೆಳ್ಳುಳ್ಳಿ ಹಾಕಿದೀಯಾ?”

 ಎಡೆಯ ಅಡುಗೆಗೆ ಮೆಣಸಿನಪುಡಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಇದು ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಬೆಳ್ಳುಳ್ಳಿ ಇದ್ದ ಕಡೆ ಪ್ರೇತ ಸುಳಿಯುವುದಿಲ್ಲ. ಪ್ರೇತ ಅಂದಮೇಲೆ ನನ್ನ ಗಂಡನೂ ಅದರಲ್ಲೇ ಸೇರಿದರು! ನನಗೂ ಗೊತ್ತಿತ್ತು, ಆದರೆ ನನ್ನ ಕೈಗೆ ಗೊತ್ತಿರಲಿಲ್ಲ. ಆ ಮನುಷ್ಯ ಹಸಿ ಬೆಳ್ಳುಳ್ಳಿಯನ್ನು ಕಡಲೆಕಾಯಿಯ ಹಾಗೆ ಅಗಿಯುತ್ತಿದ್ದರು. ಅವರಿಗಾಗಿ ಜಜ್ಜಿ ಜಜ್ಜಿ ರೂಢಿಯಾದ ಕೈ ನನ್ನ ಅಪ್ಪಣೆ ಕೇಳದೆ ಮೂರೂ ಪಲ್ಯಕ್ಕೆ ಸುರಿದಿತ್ತು.

“ಊಟಕ್ಕೆ ಕರೆದು ಬಾಗಿಲಿಗೆ ಬೀಗ ಹಾಕ್ದಂಗಾಯ್ತು!” ಎಂದಳು ಒಕ್ಬುನ್.

“ತೊಳೀತೀನಿ ಅಕ್ಕ!”

“ಏನನ್ನ?”

“ಪಲ್ಯಾನ!”

ತೊಳೆದೆ. ನಲ್ಲಿಯ ಕೆಳಗೆ ಹಿಡಿದು ಬಟ್ಟೆ ಒಗೆದ ಹಾಗೆ ಹಿಂಡಿದೆ. ಪಾಲಕ್ ನೆಲ ಒರೆಸುವ ಬಟ್ಟೆಯಾಯಿತು. ಬೇರು ನಾರಾಯಿತು. ಜರಿಗಿಡ ಮೋರಿಯಲ್ಲಿ ಸಿಕ್ಕಿ ನೀರು ಕಟ್ಟಿತು. ಬೆಳ್ಳುಳ್ಳಿ ಮಾತ್ರ ಜಗ್ಗಲಿಲ್ಲ! ಈಗ ಮನೆಯೆಲ್ಲ ಅದೇ ವಾಸನೆ.

ವಾಸನೆ ಓಡಿಸಲು ಧೂಪ ಹಚ್ಚಿದೆ. ಒಂದು ಕಡ್ಡಿ ಸಾಕು ಎನ್ನುತ್ತಾರೆ. ನಾನು ಕಟ್ಟನ್ನೇ ಹಚ್ಚಿದೆ. ಹೊಗೆ ಚಾವಣಿಗೆ ಮುಟ್ಟಿತು. ಅಲ್ಲಿದ್ದ ಬೆಂಕಿ ಎಚ್ಚರಿಕೆಯ ಗಂಟೆ ಬಡಿದುಕೊಂಡಿತು. ನಮ್ಮ ಕಟ್ಟಡದ ಮೂರು ಮಹಡಿಯ ಜನ ಹಬ್ಬದ ಬಟ್ಟೆಯಲ್ಲಿ ಮೆಟ್ಟಿಲು ಇಳಿದು ಓಡಿದರು! ಕಾವಲುಗಾರ ಬೆಂಕಿ ಆರಿಸುವ ಕೆಂಪು ಡಬ್ಬಿ ಹಿಡಿದು ನುಗ್ಗಿದ.

“ಎಲ್ಲಮ್ಮಾ ಬೆಂಕಿ?”

“ಬೆಂಕಿಯಿಲ್ಲಪ್ಪ, ಬೆಳ್ಳುಳ್ಳಿ.”

ಅವನು ನನ್ನನ್ನು ನೋಡಿದ, ಪಲ್ಯ ನೋಡಿದ. ಗಂಟೆ ನಿಲ್ಲಿಸಿ ಬಾಗಿಲು ಎಳೆದುಕೊಂಡು ಹೋದ.

“ಬೆಳ್ಳುಳ್ಳಿಗೆ ಹೆದರದೆ ಬಂದಿದ್ರೂ ಈ ಗಂಟೆಗೆ ಓಡಿರ್ತಾನೆ. ಈಗ ಸಮುದ್ರ ದಾಟಿರ್ತಾನೆ ಬಿಡು,” ಎಂದಳು ಒಕ್ಬುನ್.

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬರಲಿಲ್ಲ. ಆರು ತಿಂಗಳು ಬಚ್ಚಿಟ್ಟ ಮಾತು ಬೇಡವೆಂದರೂ ಬಾಯಿಂದ ಬಂದೇಬಿಟ್ಟಿತು.

“ಅಕ್ಕ, ಅವತ್ತೂ ಅವರು ಉಪವಾಸ ಹೋದ್ರು. ನಾನು ಒಲೆ ಹಚ್ಲಿಲ್ಲ. ಎಚ್ಚರ ಇತ್ತು, ಆದ್ರೂ ಏಳ್ಲಿಲ್ಲ. ಇವತ್ತೂ ಉಪವಾಸ ಕಳಿಸ್ದೆ.”

 ಒಕ್ಬುನ್ ನನ್ನ ಪಕ್ಕ ಕೂತಳು.

“ಯಾರೇ ಉಪವಾಸ? ಅವತ್ತು ಬೆಳಗ್ಗೆ ನಮ್ಮನೇಗೆ ಬಂದ. ಎರಡು ಬಟ್ಟಲು ಅನ್ನ ಉಂಡ. ಒಣಗಿಸಿದ ಮೂಲಂಗಿ ಸೊಪ್ಪಿನ ಸಾರು ಬಗ್ಗಿಸಿ ಕುಡಿದ. ತೇಗಿ ಕೆಲಸಕ್ಕೆ ಹೋದ.”

ನಾನು ಅವಳ ಕಡೆ ತಿರುಗಿದೆ. 

“ಅವತ್ತೊಂದು ದಿನಾನಾ?”

“ಜಗಳ ಆದಾಗೆಲ್ಲ.”

“ಯಾವಾಗಿಂದ?”

“ನಿಮ್ಮ ಮದುವೆಯಾದ ಮೂರನೇ ದಿನದಿಂದ.”

ಮೂವತ್ತೊಂದು ವರ್ಷ! ನಾನು ಗೆದ್ದೆ ಎಂದುಕೊಂಡ ಪ್ರತಿ ಯುದ್ಧದ ಮರುದಿನವೂ ಶತ್ರು ಎರಡು ಬೀದಿ ಆಚೆ ಹಬ್ಬ ಮಾಡುತ್ತಿದ್ದ!

“ಮತ್ತೆ ಆರು ತಿಂಗಳಿಂದ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನನ್ನ ಕೂದಲು ಕೀಳ್ತಿದ್ದೆ. ನೀನು ಇದಕ್ಕೆ ಸೊರಗ್ತಿದೀಯ ಅಂತ ನಂಗೇನು ಕನಸು ಬಿತ್ತಾ?”

“ನನ್ನ ಬಗ್ಗೆ ಏನಂದ್ರು ಅವತ್ತು?”

“‘ಸುಳ್ಳು ಗೊರಕೆ ಹೊಡೀತಿದಾಳೆ. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ. ಮಲಗ್ಲಿ’ ಅಂದ.”

ಆಗ ಅತ್ತೆ. ಅವಳ ಕೂದಲು ಕೀಳಲಿಲ್ಲ. ಕೈ ಹಿಡಿದು ಆ ಸಾರು ಹೇಗೆ ಮಾಡುವುದು ಎಂದು ಕೇಳಿದೆ.

ಈಗ ದಿನಾ ಬೆಳಗ್ಗೆ ಮಾಡುತ್ತೇನೆ. ಅಕ್ಕಿ ತೊಳೆದ ಮೊದಲ ನೀರು ಚೆಲ್ಲುತ್ತೇನೆ. ಎರಡನೇ ನೀರು ಹಿಡಿದಿಟ್ಟು ಸೊಪ್ಪು ಹಾಕಿ, ಹುದುಗಿಸಿದ ಸೋಯಾ ಮುದ್ದೆ ಕದಡಿ, ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಮೊದಲು ಹದ ತಪ್ಪುತ್ತಿತ್ತು. ಮೊನ್ನೆ ಒಕ್ಬುನ್ ಕುಡಿದು, “ನನ್ನದಕ್ಕಿಂತ ಚೆನ್ನಾಗಿದೆ ಕಣೇ,” ಎಂದಳು. ಹೌದು, ಚೆನ್ನಾಗಿದೆ. ಕುಡಿದು ತೇಗಬೇಕಾದವರೇ ಇಲ್ಲ, ಏನು ಮಾಡಲಿ!