ಬಂಡೆಯ ಮೇಲೆ ಹೆಸರು ಬರೆಯಬಾರದು

ಗುಡ್ಡದ ಬುಡದ ಶಾಲೆಯಲ್ಲಿ ಕೆಲಸ ಮಾಡುವ ಮಾಸ್ತರನು ಗೊಂದಲಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಭಾನುವಾರ ಮೊದಲ ಬಸ್ಸಿಗೆ ಅವೇ ಬಂದು ಇಳಿಯುತ್ತವೆ.

ನಮ್ಮೂರು ರಾಮದುರ್ಗ ತಾಲೂಕಿನದು, ತೊರಗಲ್ಲಿನಿಂದ ಬಹಳ ದೂರವಲ್ಲ. ಶಾಲೆಯ ಹಿಂದೆ ಕೆಂಪು ಬಂಡೆಗಳ ಗುಡ್ಡವಿದೆ. ಎಲ್ಲಕ್ಕಿಂತ ದೊಡ್ಡ ಬಂಡೆಯ ಮೇಲೆ ಬಿಳಿಯ ಬಣ್ಣದಲ್ಲಿ ‘ಬಂಡೆಯ ಮೇಲೆ ಹೆಸರು ಬರೆಯಬಾರದು’ ಎಂದು ಬರೆದಿದೆ. ಬರೆದವಳು ನನ್ನ ಹೆಂಡತಿ. ಇದೇ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಅಂದು ಏಣಿ ಹಿಡಿದು ನಿಂತಿದ್ದವನು ನಾನು.

“ಕಲ್ಲಿನ ಮ್ಯಾಲೆ ಬರೀಬಾರ್ದು ಅಂತ ಕಲ್ಲಿನ ಮ್ಯಾಲೇ ಬರಿಯಾಕ ಹತ್ತೀಯಲ್ಲ?” ಎಂದು ಕೇಳಿದೆ.

“ಇಲ್ಲಿ ಬರಿಯಾಕ ಬಂದವರು ಇಲ್ಲೇ ಓದಬೇಕಲ್ರಿ? ಏಣಿ ನೆಟ್ಟಗ ಹಿಡೀರಿ” ಎಂದಳು.

ಹೋದ ವರ್ಷ ಅವಳು ತೀರಿಕೊಂಡಳು. ಅವಳ ಅಕ್ಷರ ಮನೆಯಲ್ಲಿ ಹೆಚ್ಚೇನೂ ಉಳಿದಿಲ್ಲ. ಇದು ಎಂಟನೆಯ ತರಗತಿಯ ಕಿಟಕಿಯಿಂದ ಕಾಣುತ್ತದೆ. ಹಾಗಾಗಿ ಆ ಬಂಡೆಯ ಹತ್ತಿರ ಯಾರು ಸುಳಿದರೂ ನನ್ನ ಗಮನ ಅತ್ತಲೇ ಹೋಗುತ್ತದೆ.

ಗಾದಿ

ಮೊದಲ ಸಲ ಅವರು ಬಂದದ್ದು ಮಾತ್ರ ಒಂದು ಶನಿವಾರ, ಶಾಲೆ ನಡೆಯುತ್ತಿದ್ದಾಗ. ಆರೇಳು ಜನರಿದ್ದರು. ಹುಬ್ಬಳ್ಳಿಯ ಹುಡುಗ ಹುಡುಗಿಯರು. ಒಬ್ಬೊಬ್ಬರ ಬೆನ್ನ ಮೇಲೂ ಮಡಚಿದ ದಪ್ಪನೆಯ ಗಾದಿ. ಶಾಲೆಯ ಗೇಟಿನ ಮುಂದೆ ಹಾದು ಹೋಗುವಾಗ ನಮ್ಮ ಬಿಸಿಯೂಟದ ಅಡುಗೆಯವರು ತಡೆದು, ಒಂದು ಗಾದಿಯನ್ನು ಬೆರಳಿನಿಂದ ಒತ್ತಿ ನೋಡಿದರು.

“ಭಾಳ ಬಿರುಸು ಐತ್ರಿ. ಇದನ್ನ ಯಾರು ಕೊಳ್ತಾರ?”

ತಂಡದ ಮುಂದಾಳಾಗಿದ್ದ ಹುಡುಗಿ ನಕ್ಕಳು. “ಇವು ಮಾರಾಕಲ್ರಿ ಅಕ್ಕಾರ.”

“ಹಂಗಾರ ಮಲಗಾಕೇನು?”

“ಅಲ್ರಿ, ಬೀಳಾಕ. ನಾವು ಕಲ್ಲು ಹತ್ತತೇವಿ. ಕೈ ಜಾರಿದ್ರ ಇದರ ಮ್ಯಾಲೆ ಬೀಳತೇವಿ.”

“ಬೀಳತೇವಿ ಅಂತ ಮನಿಯಾಗ ಇದ್ದಾಗೇ ಗೊತ್ತಿತ್ತೇನು?”

“ಗೊತ್ತಿತ್ರಿ.”

“ಗೊತ್ತಿದ್ದೂ ಬಂದ್ರಿ?”

ಹುಡುಗಿ ಮಾತು ಬದಲಿಸಿ ಅವರಿಗೆ ಧೈರ್ಯ ಹೇಳಿದಳು. ಗುಡ್ಡಕ್ಕೆ ತಾವು ಯಾವ ಹಾನಿಯನ್ನೂ ಮಾಡುವುದಿಲ್ಲ, ಒಂದು ಹಾಳೆಯನ್ನೂ ಬಿಟ್ಟು ಹೋಗುವುದಿಲ್ಲ, ಒಂದು ಹರಳನ್ನೂ ಒಯ್ಯುವುದಿಲ್ಲ, ಅದು ತಮ್ಮ ನಿಯಮ ಎಂದಳು. ಅವರು ಹೋದ ಮೇಲೆ ಅಡುಗೆಯವರು ಸೌಟು ಹಿಡಿದುಕೊಂಡೇ ನನ್ನ ತರಗತಿಯ ಬಾಗಿಲಿಗೆ ಬಂದರು.

“ಸರ, ಏನೂ ಬಿಡೂದಿಲ್ಲಂತ, ಏನೂ ಒಯ್ಯೂದಿಲ್ಲಂತ. ಹಂಗಾರ ಇವರು ಬಂದದ್ದರ ಯಾಕ?”

ಬ್ರಷ್

ಆಮೇಲೆ ಒಂದು ಭಾನುವಾರ ಪಂಚಾಯಿತಿಯ ಮೆಂಬರರು ನಮ್ಮ ಮನೆಗೆ ಓಡುತ್ತ ಬಂದರು. ಆ ದೊಡ್ಡ ಬಂಡೆಯ ಕೆಳಭಾಗದಲ್ಲಿ ಅವರ ಹೆಸರೂ ಇದೆ. ಹಿಂದಿನ ಚುನಾವಣೆಯಲ್ಲಿ ಬರೆಸಿದ್ದು.

“ಸರ, ಲಗೂನ ಬರ್ರಿ. ಕಲ್ಲಿಗೆ ಹಲ್ಲು ತಿಕ್ಕಾಕ ಹತ್ಯಾರ.”

ಹೋಗಿ ನೋಡಿದರೆ ನಿಜ. ಹತ್ತುವ ಮುಂಚೆ ಅಂಗೈಗೆ ಬಿಳಿಯ ಪುಡಿ ಹಚ್ಚಿಕೊಳ್ಳುತ್ತಾರೆ. ಕೈ ಇಟ್ಟಲ್ಲೆಲ್ಲ ಬಂಡೆಯ ಮೇಲೆ ಕಲೆ ಮೂಡುತ್ತದೆ. ಇಳಿದ ಮೇಲೆ ಹಲ್ಲುಜ್ಜುವ ಬ್ರಷ್ ತೆಗೆದುಕೊಂಡು ಒಂದೊಂದೇ ಕಲೆಯನ್ನು ತಿಕ್ಕಿ ತೆಗೆಯುತ್ತಾರೆ. ಬಂಡೆ ಮೊದಲು ಹೇಗಿತ್ತೋ ಹಾಗೇ ಇರಬೇಕಂತೆ.

“ಒರಸೂದಿದ್ರ ಹಚ್ಚೂದ್ಯಾಕ?” ಎಂದು ಮೆಂಬರರು ಕೇಳಿದರು.

“ಹಚ್ಚದಿದ್ರ ಜಾರತೈತ್ರಿ” ಎಂದಳು ಹುಡುಗಿ.

“ಹಚ್ಚೂದಿದ್ರ ಒರಸೂದ್ಯಾಕ?”

“ಒರಸದಿದ್ರ ಹೊಲಸು ಕಾಣತೈತ್ರಿ.”

ಮೆಂಬರರು ನ್ಯಾಯಕ್ಕಾಗಿ ನನ್ನ ಕಡೆ ತಿರುಗಿದರು. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನೌಕರಿಗೆ ಸೇರಿದಾಗಿನಿಂದ ನಾನು ಮಾಡುತ್ತ ಬಂದದ್ದೂ ಇದೇ. ಸುಣ್ಣದ ಕಡ್ಡಿಯಿಂದ ಬೋರ್ಡಿನ ಮೇಲೆ ಬರೆಯುವುದು, ಗಂಟೆ ಬಾರಿಸಿದ ಮೇಲೆ ಒರೆಸುವುದು. ಅದನ್ನೇ ಹೇಳಿದೆ.

ಮೆಂಬರರು ನನ್ನನ್ನು ಮರುಕದಿಂದ ನೋಡಿದರು. “ನಿಮಗ ಪಗಾರ ಕೊಡತಾರಲ್ರಿ ಸರ!”

ಹಳದಿ ಕಲ್ಲು

ತಮ್ಮ ಕ್ಲೈಂಬಿಂಗ್ ಜಿಮ್ ನೋಡಲು ಬನ್ನಿ ಎಂದು ಹುಡುಗಿ ಕರೆದಿದ್ದಳು. ಹುಬ್ಬಳ್ಳಿಗೆ ಹೊರಟಾಗ ಮೆಂಬರರೂ ಜೊತೆಗೆ ಬಂದರು. ಒಂದು ದೊಡ್ಡ ಶೆಡ್ಡು. ಒಳಗೆ ನಮ್ಮ ಮೇಲೆ ಬೀಳುವಂತೆ ಬಾಗಿದ ಗೋಡೆಗಳು. ಗೋಡೆಯ ತುಂಬ ಪ್ಲಾಸ್ಟಿಕ್ಕಿನ ಬಣ್ಣಬಣ್ಣದ ಕಲ್ಲುಗಳು. ಕೆಂಪು ಕಲ್ಲು ಹಿಡಿದು ಹತ್ತಲು ಶುರು ಮಾಡಿದವನು ಕೊನೆಯವರೆಗೂ ಕೆಂಪನ್ನೇ ಹಿಡಿಯಬೇಕು.

ಒಬ್ಬ ತರುಣ ಬೆವರು ಸುರಿಸುತ್ತ ತುದಿಯವರೆಗೂ ಹೋದ. ಅಲ್ಲಿ ಅವನ ಕಾಲು ಒಂದು ಕ್ಷಣ ಹಳದಿ ಕಲ್ಲಿಗೆ ತಾಗಿತು. ಯಾರೂ ಏನೂ ಅನ್ನಲಿಲ್ಲ. ಅವನೇ ಕೈಬಿಟ್ಟು ಕೆಳಗಿನ ಗಾದಿಯ ಮೇಲೆ ಬಿದ್ದ, ಎದ್ದು ಮತ್ತೆ ಮೊದಲಿನಿಂದ ಹತ್ತತೊಡಗಿದ.

“ನಿಮ್ಮವರು ಯಾರೂ ನೋಡಿರಲಿಲ್ಲಲ್ಲಪ್ಪಾ?” ಎಂದೆ.

“ನಾ ನೋಡಿದ್ನಲ್ರಿ ಸರ” ಎಂದ.

ಪರೀಕ್ಷಾ ಕೊಠಡಿಗಳಲ್ಲಿ ಎಷ್ಟೋ ವರ್ಷ ಅಡ್ಡಾಡಿದ್ದೇನೆ. ಈ ಉತ್ತರ ಮಾತ್ರ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಹೊರಡುವಾಗ ಹುಡುಗಿ ಸಂತೋಷದಿಂದ ಹೇಳಿದಳು: “ಬರೂ ಭಾನುವಾರ ನಿಮ್ಮ ಗುಡ್ಡದಾಗಿನ ಬಣ್ಣ ಎಲ್ಲಾ ತಿಕ್ಕಿ ತೆಗೀತೇವ್ರಿ ಸರ. ಒಂದು ಅಕ್ಷರನೂ ಉಳಸೂದಿಲ್ಲ. ನೀವs ಮುಂದ ನಿಂತು ಮಾಡಸ್ಬೇಕು.”

ನಾನು “ಆತವ್ವ” ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಬೇಡ ಎನ್ನಲು ನನ್ನ ಹತ್ತಿರ ನಿಯಮವೇನೂ ಇರಲಿಲ್ಲ.

ಬಸ್ಸಿನಲ್ಲಿ ಸವದತ್ತಿ ದಾಟುವವರೆಗೂ ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತೆವು. ನನಗೆ ನನ್ನ ಚಿಂತೆ, ಅವರಿಗೆ ಅವರ ಹೆಸರಿನ ಚಿಂತೆ ಎಂದುಕೊಂಡೆ. ಆದರೆ ಮೆಂಬರರು ಇನ್ನೂ ಆ ತರುಣನಲ್ಲೇ ಇದ್ದರು.

“ಸರ, ಇಂಥಾವರು ಎಲೆಕ್ಷನ್ನಿಗೆ ನಿಂತ್ರ ನಮ್ಮ ಗತಿ ಏನ್ರಿ?”

ತಂತಿ ಬ್ರಷ್

ಭಾನುವಾರ ಬಂದೇ ಬಂತು. ಬಕೀಟು, ತಂತಿಯ ಬ್ರಷ್ಷು ಹಿಡಿದುಕೊಂಡು ಅವರೆಲ್ಲ ಬಂಡೆಯನ್ನು ಮುತ್ತಿದರು. ನಾನು ನೀರು ಕೊಡುತ್ತ ನಿಂತೆ. ಮೊದಲು ಪ್ರೇಮಿಗಳ ಹೆಸರುಗಳು ಹೋದವು; ಕೆಲವರು ನನ್ನ ವಿದ್ಯಾರ್ಥಿಗಳೇ. ಆಮೇಲೆ ಮೆಂಬರರ ಸರದಿ.

“ಇದು ಹೆಸರಲ್ರಿ, ಪ್ರಚಾರ!” ಎಂದು ಅವರು ಅಡ್ಡ ನಿಂತರು.

ಹುಡುಗಿ ಮೇಲಿನ ಬಿಳಿಯ ಸಾಲನ್ನು ತೋರಿಸಿದಳು. “ನಿಮ್ಮೂರವರs ಬರದಾರಲ್ರಿ, ಹೆಸರು ಬರೀಬಾರ್ದು ಅಂತ.”

ತಂಡದವರು ಮೆಂಬರರ ಕೈಗೇ ಬ್ರಷ್ ಕೊಟ್ಟರು. ತಮ್ಮ ಹೆಸರನ್ನು ತಾವೇ ತಿಕ್ಕಿ, ಬೆವರು ಒರೆಸಿಕೊಂಡು ಮೇಲೆ ನೋಡಿದರು.

“ಈಗ ಅದನ್ನೂ ತೆಗೀರಿ. ನಿಯಮ ಅಂದ್ರ ಎಲ್ಲಾರಿಗೂ ನಿಯಮ.”

ತಂಡದಲ್ಲೇ ಎರಡು ಪಕ್ಷಗಳಾದವು. ಬಣ್ಣ ಅಂದರೆ ಬಣ್ಣ, ತೆಗೆಯಲೇಬೇಕು ಎಂದು ಕೆಲವರು. ತೆಗೆದರೆ ನಾಳೆಯೇ ಮತ್ತೆ ಹೆಸರು ಬೀಳುತ್ತವೆ, ಇರಲಿ ಎಂದು ಉಳಿದವರು. ವಾದ ಮಾಡಿ ಮಾಡಿ ಯಾರು ಯಾವ ಪಕ್ಷ ಎಂಬುದು ಅವರಿಗೇ ತಿಳಿಯದಾಯಿತು. ಕಡೆಗೆ ಹುಡುಗಿ ಬ್ರಷ್ ಹಿಡಿದು ಬಂಡೆಗೆ ಒಂದು ಕಾಲು ಕೊಟ್ಟು, “ಸರ, ನೀವs ಹೇಳ್ರಿ” ಎಂದಳು.

“ಅದು ನನ್ನ ಮನಿಯಾಕಿ ಬರದದ್ದು” ಎಂದೆ. “ಈಗ ಆಕಿ ಇಲ್ಲ.”

ಹುಡುಗಿ ಮೆಲ್ಲಗೆ ಕಾಲು ಇಳಿಸಿದಳು. ಮೆಂಬರರು ಹಣೆ ಬಡಿದುಕೊಂಡರು. “ಅಯ್ಯ, ಅದು ನಮ್ಮ ಸಾಲಿ ಬಾಯಾರು ಬರದದ್ದಲ್ಲೇನ್ರಿ! ನನ್ನ ಹೆಸರಿನ ಚಿಂತ್ಯಾಗ ಮರತs ಬಿಟ್ಟಿದ್ದೆ.”

ಜಿಮ್ಮಿನಲ್ಲಿ ಬಿದ್ದಿದ್ದ ಆ ತರುಣ ತಗ್ಗಿದ ದನಿಯಲ್ಲಿ ಕೇಳಿದ: “ಮೇಡಂ ಅವರು ಹಗ್ಗ ಇಲ್ಲದs ಹತ್ತಿದ್ರೇನ್ರಿ ಸರ?”

“ಏಣಿ ಹಚ್ಚಿದ್ವಿ.”

ಅವನ ಮುಖ ಸಣ್ಣದಾಯಿತು. ಏಣಿ ಹಚ್ಚಿ ಹತ್ತಿದ್ದು ಅವರ ಲೆಕ್ಕದಲ್ಲಿ ಹತ್ತಿದಂತೆಯೇ ಅಲ್ಲವಂತೆ. ಸ್ವಲ್ಪ ಹೊತ್ತು ತನ್ನೊಳಗೇ ಹೋರಾಡಿ, “ಇರ್ಲಿ ಬಿಡ್ರಿ ಸರ, ನಡೀತೈತಿ” ಎಂದು ದೊಡ್ಡ ಮನಸ್ಸು ಮಾಡಿದ.

ಸಾಲು ಉಳಿಯಿತು. ಎಲ್ಲರಿಗಿಂತ ಹೆಚ್ಚು ಕರಗಿದವರು ಮೆಂಬರರು. ನನ್ನ ಕೈ ಹಿಡಿದುಕೊಂಡು, “ಇನ್ನ ಬಾಯಾರ ಅಕ್ಷರ ಯಾರೂ ಮುಟ್ಟದಂಗ ಮಾಡೂದು ನನ್ನ ಜವಾಬ್ದಾರಿ. ನೀವು ಚಿಂತಿ ಬಿಡ್ರಿ” ಎಂದರು. ಬಿಟ್ಟೆ.

ಆ ವಾರವೇ ಒಂದು ದಿನ ಎಂಟನೆಯ ತರಗತಿಯಲ್ಲಿ ಪಾಠ ಮಾಡುತ್ತ ಕಿಟಕಿಯಾಚೆ ನೋಡಿದೆ. ಬಿಳಿಯ ಸಾಲಿನ ಕೆಳಗೆ ಹಸಿ ಹಸಿ ಕೆಂಪು ಬಣ್ಣದಲ್ಲಿ ಮೆಂಬರರ ಹೆಸರು ಹೊಳೆಯುತ್ತಿತ್ತು, ತಿಕ್ಕಿ ತೆಗೆದದ್ದಕ್ಕಿಂತ ದೊಡ್ಡದಾಗಿ. ಸಾಲಿಗೂ ಹೆಸರಿಗೂ ನಡುವೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಬರೆದಿತ್ತು. ಅಷ್ಟು ದೂರದಿಂದ ಓದಲಾಗಲಿಲ್ಲ. ಗಂಟೆ ಬಾರಿಸಿದ ಮೇಲೆ ಬಂಡೆಯ ಬುಡಕ್ಕೆ ಹೋಗಿ, ಕನ್ನಡಕ ಒರೆಸಿಕೊಂಡು ಓದಿದೆ:

‘ಮೇಲಿನ ಬರಹವನ್ನು ಅಳಿಸಿದವರ ಹೆಸರನ್ನು ಇದೇ ಬಂಡೆಯ ಮೇಲೆ ಬರೆಯಲಾಗುವುದು.’